ಅಲ್ಟ್ರಾಸೌಂಡ್, ಕರೆಂಟ್, ಶಾಖ: ಯಾವ ನೋವಿಗೆ ಯಾವುದು?

“ಡಾಕ್ಟ್ರು ಹತ್ತು ದಿನ ಕರೆಂಟ್ ಹಚ್ಚಸ್ಕೊಳ್ರಿ ಅಂದಾರ್ರಿ.” ವಿದ್ಯಾನಗರದಿಂದ ಕೇಶ್ವಾಪುರದ ತನಕ, ಹುಬ್ಬಳ್ಳಿಯ ಯಾವ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ. ಮಂಚದ ಪಕ್ಕದಲ್ಲಿ ನಾಲ್ಕೈದು ಪೆಟ್ಟಿಗೆಗಳಿರುತ್ತವೆ. ಒಂದರಿಂದ ನಿಜವಾಗಿಯೂ ವಿದ್ಯುತ್ ಮೈಯೊಳಗೆ ಹರಿಯುತ್ತದೆ. ಇನ್ನೊಂದು ರೇಡಿಯೋ ಅಲೆಯಿಂದ ಬಿಸಿ ಮಾಡುತ್ತದೆ. ಮತ್ತೊಂದರಿಂದ ಹೊರಡುವುದು ಬರೀ ಶಬ್ದ. ರೋಗಿಯ ಲೆಕ್ಕದಲ್ಲಿ ಎಲ್ಲವೂ ಕರೆಂಟೇ. ಆದರೆ ಇವು ಮುಟ್ಟುವ ಜಾಗ ಬೇರೆ, ಆಳ ಬೇರೆ, ಮಾಡುವ ಕೆಲಸವೂ ಬೇರೆ. ನಿಮ್ಮ ಹಣ, ನಿಮ್ಮ ಹತ್ತು ದಿನ ಯಾವುದಕ್ಕೆ ಹೋಗಬೇಕು ಎಂದು ನಿರ್ಧರಿಸಲು ಆ ವ್ಯತ್ಯಾಸ ಗೊತ್ತಿರಬೇಕು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಇದೇ ಕಸುಬಿನವಳು, ಅಲ್ಟ್ರಾಸೌಂಡ್ ಬಳಸುತ್ತೇನೆ. ಆದರೆ ಅದು ಚಿಕ್ಕ ಜಾಗದ ಯಂತ್ರ. ನೋವು ಎಲ್ಲಿದೆ ಎಂದು ಒಂದೇ ಬೆರಳಿನಿಂದ ತೋರಿಸಬಲ್ಲವರಿಗೆ ಅದರ ಮಾತು ಎತ್ತಬಹುದು. ಇಡೀ ಅಂಗೈಯನ್ನು ಟೊಂಕದ ಮೇಲೆ ಉಜ್ಜಿ “ಇಲ್ಲೆಲ್ಲಾ ನೋಯ್ತೈತ್ರಿ” ಎನ್ನುವವರಿಗೆ ಅದು ಹೆಚ್ಚೇನೂ ಮಾಡಲಾರದು.

ಶಬ್ದ ಮಾಂಸದೊಳಗೆ ಹೋದಾಗ

ಯಂತ್ರದ ಹಿಡಿಯ ತುದಿಯಲ್ಲಿ ಲೋಹದ ಬಿಲ್ಲೆಯೊಂದಿರುತ್ತದೆ, ಅದರ ಹಿಂದೆ ಒಂದು ಹರಳು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು ಕ್ಯೂರಿ ಸೋದರರು 1880ರಲ್ಲಿ ತೋರಿಸಿದರು. ಇಲ್ಲಿ ನಡೆಯುವುದು ಅದರ ತಿರುವು: ವಿದ್ಯುತ್ ಕೊಟ್ಟರೆ ಹರಳು ನಡುಗುತ್ತದೆ. ಸೆಕೆಂಡಿಗೆ 10 ಲಕ್ಷ ಸಲ ನಡುಗಿದರೆ 1 ಮೆಗಾಹರ್ಟ್ಸ್, 30 ಲಕ್ಷ ಸಲ ನಡುಗಿದರೆ 3 ಮೆಗಾಹರ್ಟ್ಸ್. ಮನುಷ್ಯನ ಕಿವಿಗೆ ಕೇಳುವ ಮೇಲಿನ ಮಿತಿ ಸುಮಾರು 20 ಸಾವಿರ. ಹಾಗಾಗಿ ಯಂತ್ರ ಹಚ್ಚಿದಾಗ ಏನೂ ಕೇಳುವುದಿಲ್ಲ, ಹೆಚ್ಚಿನವರಿಗೆ ಏನೂ ಅನ್ನಿಸುವುದೂ ಇಲ್ಲ. “ಏನೂ ಗೊತ್ತಾಗವಲ್ದು, ಮಷಿನ್ ಚಾಲೂ ಐತಿಲ್ಲೋ?” ಎಂಬ ಅನುಮಾನ ಸಹಜ. ಹಿತವಾದ ಬೆಚ್ಚಗಿನ ಅನುಭವ ಬಂದರೆ ಸರಿ, ಬಾರದಿದ್ದರೂ ಸರಿ. ಚುಚ್ಚಿದ ಹಾಗೆ, ಎಲುಬಿನೊಳಗೆ ಉರಿದ ಹಾಗೆ ಆದರೆ ಮಾತ್ರ ತಕ್ಷಣ ಹೇಳಬೇಕು. ಅದಕ್ಕೆ ಕಾರಣ ಮುಂದಿದೆ.

ಈ ಶಬ್ದಕ್ಕೆ ಗಾಳಿ ಎಂದರೆ ಗೋಡೆ. ಬಿಲ್ಲೆಗೂ ಚರ್ಮಕ್ಕೂ ನಡುವೆ ತೆಳ್ಳಗೆ ಗಾಳಿ ಉಳಿದರೂ ಹೆಚ್ಚೂಕಡಿಮೆ ಪೂರ್ತಿ ಶಬ್ದ ವಾಪಸ್ ಹೋಗುತ್ತದೆ. ಅಂಟಂಟಾದ ಆ ಜೆಲ್ ಔಷಧಿಯಲ್ಲ, ಗಾಳಿಯನ್ನು ಹೊರಗಿಡುವ ಉಪಾಯ ಅಷ್ಟೇ. ಬೆರಳಿನ ಗೆಣ್ಣು, ಹರಡು, ಇಂಥ ಏರುತಗ್ಗಿನ ಜಾಗಕ್ಕೆ ಪ್ಲಾಸ್ಟಿಕ್ ಬುಟ್ಟಿಯ ನೀರಿನಲ್ಲಿ ಕೈಯನ್ನೋ ಕಾಲನ್ನೋ ಮುಳುಗಿಸಿ, ಬಿಲ್ಲೆಯನ್ನು ಒಂದು ಸೆಂಟಿಮೀಟರ್ ದೂರ ಹಿಡಿದೂ ಕೊಡಬಹುದು.

ಒಳಗೆ ಹೋದ ಶಬ್ದ ಎಲ್ಲ ಅಂಗಾಂಶಗಳಲ್ಲೂ ಒಂದೇ ರೀತಿ ಇಂಗುವುದಿಲ್ಲ. ನೀರು ಹೆಚ್ಚಿರುವಲ್ಲಿ ಅದು ಸರಾಗವಾಗಿ ದಾಟಿಹೋಗುತ್ತದೆ. ಪ್ರೋಟೀನು, ಅದರಲ್ಲೂ ಕೊಲಾಜೆನ್ ಎಂಬ ನಾರು ಒತ್ತಾಗಿರುವಲ್ಲಿ ಇಂಗಿ ಶಾಖವಾಗುತ್ತದೆ. ರಕ್ತ ಹೆಚ್ಚೇನೂ ಹೀರುವುದಿಲ್ಲ. ಕೊಬ್ಬೂ ಅಷ್ಟೇ, ಹಾಗಾಗಿ ಮೈತುಂಬಿಕೊಂಡವರಲ್ಲೂ ಶಬ್ದ ಕೊಬ್ಬಿನ ಪದರವನ್ನು ದಾಟಿ ಕೆಳಗೆ ಹೋಗುತ್ತದೆ. ಸ್ನಾಯು ಮಧ್ಯಮ. ಸ್ನಾಯುವನ್ನು ಎಲುಬಿಗೆ ಕಟ್ಟುವ ಟೆಂಡನ್, ಎಲುಬನ್ನು ಎಲುಬಿಗೆ ಬಿಗಿಯುವ ಲಿಗಮೆಂಟ್, ಕೀಲಿನ ಸುತ್ತಲಿನ ಚೀಲ, ಹಳೆಯ ಗಾಯದ ಗಟ್ಟಿ ಕಲೆ, ಇವು ಚೆನ್ನಾಗಿ ಹೀರುತ್ತವೆ. ಎಲ್ಲಕ್ಕಿಂತ ಹೆಚ್ಚು ಹೀರುವುದು ಎಲುಬು. ಎಲುಬಿನ ಮೇಲ್ಪೊರೆಯಲ್ಲಿ ನೋವಿನ ನರಗಳು ದಟ್ಟವಾಗಿವೆ. ಬಿಲ್ಲೆಯನ್ನು ಒಂದೇ ಕಡೆ ನಿಲ್ಲಿಸಿದರೆ ಅಲ್ಲಿ ಶಾಖ ಏರಿ ಆಳದಲ್ಲಿ ಚುಚ್ಚಿದಂತಾಗುತ್ತದೆ. ಆ ನೋವು ಸುಡುತ್ತಿದೆ ಎಂಬ ಎಚ್ಚರಿಕೆ. ತಡೆದುಕೊಂಡರೆ ಗುಣ ಹೆಚ್ಚು ಎಂದು ಹಲ್ಲು ಕಚ್ಚಿ ಕೂರುವಂಥದ್ದಲ್ಲ.

ಬಿಲ್ಲೆಯನ್ನು ಸದಾ ಆಡಿಸುತ್ತಿರಬೇಕು ಎನ್ನುವುದಕ್ಕೆ ಇನ್ನೂ ಒಂದು ಕಾರಣವಿದೆ. 1971ರಲ್ಲಿ ಲಂಡನ್ನಿನ ಸಂಶೋಧಕರು ಕೋಳಿಮೊಟ್ಟೆಯೊಳಗಿನ ಭ್ರೂಣದ ರಕ್ತನಾಳಗಳ ಮೇಲೆ ಅಲ್ಟ್ರಾಸೌಂಡ್ ಬಿಟ್ಟು ನೋಡಿದರು. ಹೋಗುವ ಅಲೆ, ವಾಪಸ್ ಬರುವ ಅಲೆ ಸೇರಿ ನಿಂತ ಅಲೆಯಾದಾಗ ರಕ್ತಕಣಗಳು ಪಟ್ಟಿಪಟ್ಟಿಯಾಗಿ ಗುಂಪುಗೂಡಿ ಹರಿವೇ ನಿಂತುಹೋಯಿತು. ಶಬ್ದ ನಿಲ್ಲಿಸಿದರೆ ಮತ್ತೆ ಹರಿಯಿತು. ಹೊಟ್ಟೆಪಾಡಿನ ಗಡಿಬಿಡಿಯಲ್ಲಿ ಬಿಲ್ಲೆಯನ್ನು ರೋಗಿಯ ಕೈಗೇ ಕೊಟ್ಟು “ಹಿಡ್ಕೊಂಡಿರ್ರಿ” ಎಂದು ಹೊರಗೆ ಹೋಗುವ ಕಡೆ ಚಿಕಿತ್ಸೆ ತೆಗೆದುಕೊಳ್ಳಬೇಡಿ.

ಆಳದ ವಿಷಯ. 3 ಮೆಗಾಹರ್ಟ್ಸ್ ಶಬ್ದ ಚರ್ಮದಿಂದ ಒಂದೆರಡು ಸೆಂಟಿಮೀಟರಿನೊಳಗೇ ಬಹುಪಾಲು ಇಂಗಿಬಿಡುತ್ತದೆ. 1 ಮೆಗಾಹರ್ಟ್ಸ್ ಸುಮಾರು ಮೂರರಿಂದ ಐದು ಸೆಂಟಿಮೀಟರ್ ಇಳಿಯುತ್ತದೆ. ಮೊಳಕೈ, ಮಣಿಕಟ್ಟು, ಹರಡಿಗೆ 3. ತೊಡೆ, ಭುಜದ ಒಳಭಾಗಕ್ಕೆ 1. ಹೆಚ್ಚು ಅಂಕಿ ಎಂದರೆ ಹೆಚ್ಚು ಆಳ ಎಂದುಕೊಳ್ಳುವವರೇ ಜಾಸ್ತಿ. ಇಲ್ಲಿ ಅದು ಉಲ್ಟಾ.

ಇನ್ನು ಶಾಖದ ಲೆಕ್ಕ. ಮನುಷ್ಯರ ಕಾಲಿನ ಸ್ನಾಯುವಿನೊಳಗೆ ಸೂಜಿ ತಾಪಮಾಪಕ ಇಟ್ಟು 1995ರಲ್ಲಿ ಅಮೆರಿಕದಲ್ಲಿ ಅಳೆದ ಅಂಕಿಗಳು ಇವತ್ತಿಗೂ ನಮ್ಮ ಕಸುಬಿಗೆ ಆಧಾರ. ಚದರ ಸೆಂಟಿಮೀಟರಿಗೆ 1.5 ವ್ಯಾಟ್ ತೀವ್ರತೆಯಲ್ಲಿ 1 ಮೆಗಾಹರ್ಟ್ಸ್ ನಿಮಿಷಕ್ಕೆ ಸುಮಾರು 0.3 ಡಿಗ್ರಿ ಸೆಲ್ಸಿಯಸ್ ಏರಿಸಿತು, 3 ಮೆಗಾಹರ್ಟ್ಸ್ ಸುಮಾರು 0.9 ಡಿಗ್ರಿ. ಸಾಮಾನ್ಯವಾಗಿ ಒಪ್ಪಿರುವ ಅಳತೆ ಹೀಗಿದೆ: ಒಂದು ಡಿಗ್ರಿ ಏರಿದರೆ ಆ ಜಾಗದ ಜೀವಕೋಶಗಳ ಚಟುವಟಿಕೆ ಚುರುಕಾಗುತ್ತದೆ, ಎರಡು-ಮೂರು ಡಿಗ್ರಿಗೆ ರಕ್ತಸಂಚಾರ ಹೆಚ್ಚಿ ಸ್ನಾಯುವಿನ ಬಿಗಿತ, ನೋವು ಇಳಿಯುತ್ತವೆ, ಬಿಗಿದುಕೊಂಡ ಕೊಲಾಜೆನ್ ನಾರು ಜಗ್ಗಿದರೆ ಬಗ್ಗುವಂತಾಗಲು ನಾಲ್ಕು ಡಿಗ್ರಿಯಾದರೂ ಬೇಕು. ಅಂದರೆ 1 ಮೆಗಾಹರ್ಟ್ಸಿನಲ್ಲಿ ನಾಲ್ಕು ಡಿಗ್ರಿ ಮುಟ್ಟಲು ಹದಿಮೂರು ನಿಮಿಷದ ಹತ್ತಿರ ಹೋಗುತ್ತದೆ. ಐದು ನಿಮಿಷಕ್ಕೆ ಗಂಟೆ ಹೊಡೆದು “ಮುಗೀತ್ರಿ” ಎಂದರೆ ಒಂದೂವರೆ ಡಿಗ್ರಿ ಅಷ್ಟೇ.

ಅದೂ ಚಿಕ್ಕ ಜಾಗಕ್ಕೆ ಕೊಟ್ಟರೆ. ದೊಡ್ಡ ಬಿಲ್ಲೆಯಲ್ಲಿ ನಿಜವಾಗಿ ಶಬ್ದ ಬಿಡುವ ಭಾಗ ಸುಮಾರು ಐದು ಚದರ ಸೆಂಟಿಮೀಟರ್, ಒಂದು ಹತ್ತು ರೂಪಾಯಿ ನಾಣ್ಯದಷ್ಟು. ಒಂದು ಸಲಕ್ಕೆ ಅದರ ಎರಡು-ಮೂರು ಪಟ್ಟು ಜಾಗವನ್ನು ಮಾತ್ರ ಸರಿಯಾಗಿ ಕಾಯಿಸಬಹುದು. ಅದೇ ಐದು ನಿಮಿಷದಲ್ಲಿ ಇಡೀ ಬೆನ್ನಿನ ಮೇಲೆ ಬಿಲ್ಲೆ ಓಡಾಡಿಸಿದರೆ ಜೆಲ್ ಬೆನ್ನಿಗೆ ಹತ್ತುತ್ತದೆ, ಶಾಖ ಹತ್ತುವುದಿಲ್ಲ.

ಯಂತ್ರ ತೆಗೆದ ಮೇಲೆ ಶಾಖ ನಿಲ್ಲುವ ಅವಧಿಯೂ ಕಡಿಮೆ. ನಾರು ಜಗ್ಗಲು ಒಳ್ಳೆಯ ಹೊತ್ತು ಮೂರರಿಂದ ಐದು ನಿಮಿಷ. ಹೆಗಲು ತಿರುಗಿಸುವುದು, ಮೊಳಕಾಲು ಮಡಿಸುವುದು, ಹಿಮ್ಮಡಿಯ ನಾರು ಎಳೆಯುವುದು ಏನಿದ್ದರೂ ಆಗಲೇ ಆಗಬೇಕು. ಜೆಲ್ ಒರೆಸಿ, ಚಪ್ಪಲಿ ಮೆಟ್ಟಿ, ಬಿಲ್ಲು ಕೊಟ್ಟು, ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋಗಿ ಸಂಜೆ ವ್ಯಾಯಾಮ ಮಾಡಿದರೆ ವ್ಯಾಯಾಮದ ಫಲ ಸಿಕ್ಕೀತು, ಅಲ್ಟ್ರಾಸೌಂಡಿನದಲ್ಲ.

ಬಿಸಿ ಮಾಡದೆಯೂ ಶಬ್ದ ಕೆಲಸ ಮಾಡುತ್ತದೆ ಎನ್ನುವುದು ಇನ್ನೊಂದು ವಾದ. ಶಬ್ದವನ್ನು ತುಂಡುತುಂಡಾಗಿ, ಹತ್ತರಲ್ಲಿ ಎರಡು ಪಾಲು ಹೊತ್ತು ಮಾತ್ರ ಬಿಟ್ಟರೆ ಶಾಖ ಕೂಡಿಕೊಳ್ಳುವುದಿಲ್ಲ. ಆಗ ಜೀವಕೋಶದ ಸುತ್ತಲಿನ ದ್ರವದಲ್ಲಿ ಸಣ್ಣ ಹರಿವು ಹುಟ್ಟುತ್ತದೆ, ಸೂಕ್ಷ್ಮ ಗುಳ್ಳೆಗಳು ಹಿಗ್ಗಿ ಕುಗ್ಗುತ್ತವೆ, ಪೊರೆಯ ಮೂಲಕ ಕ್ಯಾಲ್ಸಿಯಂ ಓಡಾಟ ಹೆಚ್ಚುತ್ತದೆ, ಗಾಯ ಕೂಡಿಸುವ ಕೋಶಗಳು ಚುರುಕಾಗುತ್ತವೆ. ಪ್ರಯೋಗಾಲಯದ ತಟ್ಟೆಯಲ್ಲಿ ಇವೆಲ್ಲ ಕಂಡಿವೆ. ಆದರೆ ಮೈಯೊಳಗೆ, ಚಿಕಿತ್ಸೆಯ ಮಟ್ಟದಲ್ಲಿ ಇವು ಎಷ್ಟು ನಡೆಯುತ್ತವೆ ಎಂಬುದಕ್ಕೆ ಸಾಕಷ್ಟು ಪುರಾವೆ ಇಲ್ಲ ಎಂದು 2001ರಲ್ಲಿ ಬೇಕರ್, ರಾಬರ್ಟ್‌ಸನ್ ಮತ್ತು ಡಕ್ ಎಂಬ ಸಂಶೋಧಕರು ಬರೆದರು. ಅದೇ ವರ್ಷ ರಾಬರ್ಟ್‌ಸನ್ ಮತ್ತು ಬೇಕರ್ 35 ಪ್ರಯೋಗಗಳನ್ನು ಜರಡಿ ಹಿಡಿದರು. ವಿಧಾನ ನೆಟ್ಟಗಿದ್ದದ್ದು 10ರಲ್ಲಿ. ಆ ಹತ್ತರಲ್ಲಿ ಶಬ್ದ ಬಿಡದೆ ಸುಮ್ಮನೆ ಹಚ್ಚಿದ ಸುಳ್ಳು ಯಂತ್ರಕ್ಕಿಂತ ನಿಜವಾದ ಯಂತ್ರ ಮೇಲು ಎಂದು ಕಂಡದ್ದು ಎರಡರಲ್ಲಿ ಮಾತ್ರ. ನಮ್ಮ ಕಸುಬಿನವರಿಗೆ ಇದು ಹಿತವಾದ ಓದಲ್ಲ.

ಒಂದು ಗೊಂದಲ ಇಲ್ಲೇ ಬಗೆಹರಿಸುತ್ತೇನೆ. ಹೊಟ್ಟೆ ನೋಡುವ ‘ಸ್ಕ್ಯಾನಿಂಗ್’ ಕೂಡ ಅಲ್ಟ್ರಾಸೌಂಡೇ, ಆದರೆ ಅದು ಕ್ಷಣಮಾತ್ರದ ಮಿಡಿತ ಬಿಟ್ಟು ಪ್ರತಿಧ್ವನಿಯಿಂದ ಚಿತ್ರ ಬಿಡಿಸುತ್ತದೆ. ನಮ್ಮ ಯಂತ್ರದಿಂದ ಯಾವ ಚಿತ್ರವೂ ಬರುವುದಿಲ್ಲ. “ಒಳಗ ಏನ್ ಕಾಣಸ್ತೈತ್ರಿ?” ಎಂದರೆ ಉತ್ತರ, ಏನೂ ಇಲ್ಲ.

ಬಿಸಿನೀರಿನ ಚೀಲದ ಎದುರು

ಚೀಲದ ಶಾಖ ಚರ್ಮ, ಅದರ ಕೆಳಗೆ ಸುಮಾರು ಒಂದು ಸೆಂಟಿಮೀಟರ್, ಅಷ್ಟಕ್ಕೇ ನಿಲ್ಲುತ್ತದೆ. ಅದಕ್ಕಿಂತ ಕೆಳಗೆ ಹೋಗುವ ಮೊದಲೇ ರಕ್ತ ಆ ಬಿಸಿಯನ್ನು ಹೊತ್ತು ಸಾಗಿಸಿಬಿಡುತ್ತದೆ. ಹಾಗಂತ ಕಡೆಗಣಿಸಬೇಡಿ. ಟೊಂಕಕ್ಕೆ ಚಳಕು ಹಿಡಿದಾಗ, ಕುತ್ತಿಗೆ ಸೆಟೆದಾಗ ಚರ್ಮದ ಬೆಚ್ಚನೆಯ ಸಂವೇದನೆಯೇ ನೋವನ್ನು ತಗ್ಗಿಸಿ ಸ್ನಾಯುವನ್ನು ಸಡಿಲಿಸುತ್ತದೆ. ಅಗಲ ಜಾಗಕ್ಕೆ ಒಮ್ಮೆಗೇ ಹತ್ತುತ್ತದೆ, ದಿನಕ್ಕೆ ಮೂರು ಸಲ ಮಾಡಬಹುದು, ಖರ್ಚಿಲ್ಲ. ಟಾವೆಲ್ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಟ್ಟುಕೊಂಡರೆ ಸಾಕು. ಅಗಲವಾದ ಸ್ನಾಯುನೋವಿಗೆ ಅಲ್ಟ್ರಾಸೌಂಡಿಗಿಂತ ಇದನ್ನೇ ನಾನು ಮೊದಲು ಹೇಳುವುದು.

ಉಳುಕಿ ಬಾತ ಮೊದಲ ಎರಡು-ಮೂರು ದಿನ ಮಾತ್ರ ಶಾಖ ಬೇಡ, ತಣ್ಣಗಿನದು ಇರಲಿ. ಬ್ಯಾಡಗಿಯ ಕಡೆಯವರಿಗೆ ಒಂದು ಮಾತು: ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಇರುವ ಮುಲಾಮನ್ನು ವೈದ್ಯರು ಮೊಳಕಾಲಿಗೆ ಬರೆಯುವುದುಂಟು. ಅದನ್ನು ಹಚ್ಚಿಕೊಂಡ ಮೇಲೆ ಬಿಸಿ ಚೀಲ ಇಡಬೇಡಿ, ಉರಿ ಎರಡು ಪಟ್ಟಾಗುತ್ತದೆ. ನಿಮ್ಮೂರಿನ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬ ಸಮಾಧಾನ ಆ ಮುಲಾಮಿಗೆ ಅನ್ವಯಿಸುವುದಿಲ್ಲ.

ನಿಜವಾದ ಕರೆಂಟಿನ ಎದುರು

ಜುಮುಜುಮು ಎನ್ನುವ ಪಟ್ಟಿ ಹಚ್ಚುವುದು ಟೆನ್ಸ್ ಅಥವಾ ಐಎಫ್‌ಟಿ. ಇವು ಅಂಗಾಂಶವನ್ನು ಕಾಯಿಸುವುದಿಲ್ಲ, ನಾರು ಸಡಿಲಿಸುವುದಿಲ್ಲ. ನರವನ್ನು ಕೆಣಕಿ ನೋವಿನ ಸುದ್ದಿ ಮಿದುಳಿಗೆ ಹೋಗದಂತೆ ತಡೆಯುತ್ತವೆ. 1965ರಲ್ಲಿ ಮೆಲ್ಝಾಕ್ ಮತ್ತು ವಾಲ್ ಮಂಡಿಸಿದ ‘ಗೇಟ್’ ಸಿದ್ಧಾಂತ ಇದರ ತಳಹದಿ. ಬೆನ್ನುಹುರಿಯ ಬಾಗಿಲಲ್ಲಿ ಸ್ಪರ್ಶದ ಸುದ್ದಿ ತುಂಬಿಕೊಂಡರೆ ನೋವಿನ ಸುದ್ದಿಗೆ ಜಾಗ ಸಿಗುವುದಿಲ್ಲ. ಐಎಫ್‌ಟಿಯಲ್ಲಿ ಎರಡು ಕರೆಂಟು, ಉದಾಹರಣೆಗೆ 4000 ಮತ್ತು 4100 ಹರ್ಟ್ಸ್, ಮೈಯೊಳಗೆ ಅಡ್ಡಹಾಯ್ದು 100 ಹರ್ಟ್ಸಿನ ಮಿಡಿತ ಹುಟ್ಟಿಸುತ್ತವೆ. ಹೆಚ್ಚಿನ ಆವರ್ತನಕ್ಕೆ ಚರ್ಮದ ಅಡ್ಡಿ ಕಡಿಮೆ, ಆದ್ದರಿಂದ ಚುರುಗುಟ್ಟುವುದು ಕಡಿಮೆ.

ಟೆನ್ಸಿನ ದೊಡ್ಡ ಅನುಕೂಲ, ಅದು ಕಿಸೆಯಲ್ಲಿ ಹಿಡಿಯುವ ಬ್ಯಾಟರಿ ಯಂತ್ರ. ನವಲಗುಂದದಿಂದಲೋ ಶಿರಹಟ್ಟಿಯಿಂದಲೋ ದಿನಾ ಏಳು ನಿಮಿಷದ ಚಿಕಿತ್ಸೆಗೆ ಬರುವವರನ್ನು ನೋಡಿದರೆ ಸಂಕಟವಾಗುತ್ತದೆ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ತಪ್ಪಿದ ಕೂಲಿಯನ್ನು ಕೊಡುವವರು ಯಾರು? ಅಂಥವರು ಟೆನ್ಸ್ ಬಳಸುವುದನ್ನೂ ವ್ಯಾಯಾಮವನ್ನೂ ಕಲಿತುಕೊಂಡು ವಾರಕ್ಕೊಮ್ಮೆ ತೋರಿಸಿಕೊಂಡು ಹೋದರೆ ಸಾಕು. ಇದರ ಆರಾಮ ಹಚ್ಚಿದ ಹೊತ್ತು, ಮತ್ತೆ ಸ್ವಲ್ಪ ಹೊತ್ತು ಮಾತ್ರ. ಆ ಹೊತ್ತಿನಲ್ಲಿ ಓಡಾಡಿದರೆ, ವ್ಯಾಯಾಮ ಮಾಡಿದರೆ ಅದಕ್ಕೊಂದು ಅರ್ಥ.

ಡಯಾಥರ್ಮಿಯ ಎದುರು

ಶಾರ್ಟ್‌ವೇವ್ ಡಯಾಥರ್ಮಿ 27.12 ಮೆಗಾಹರ್ಟ್ಸಿನ ರೇಡಿಯೋ ಅಲೆ. ಅಗಲವಾಗಿ, ಸಾಕಷ್ಟು ಆಳಕ್ಕೆ ಕಾಯಿಸುತ್ತದೆ. ಇಡೀ ಮೊಳಕಾಲು, ಇಡೀ ಟೊಂಕ ಒಮ್ಮೆಗೇ. ಆದರೆ ಎರಡು ತಟ್ಟೆಗಳ ನಡುವೆ ಕೊಟ್ಟಾಗ ಕೊಬ್ಬಿನ ಪದರವೇ ಹೆಚ್ಚು ಬಿಸಿಯಾಗುತ್ತದೆ. ಮೈಯಲ್ಲಿ ರಾಡು, ಪ್ಲೇಟು, ಸ್ಕ್ರೂ ಇದ್ದರೆ ಇದು ಬೇಡವೇ ಬೇಡ, ಲೋಹದ ಸುತ್ತ ಶಾಖ ಕೂಡಿಕೊಂಡು ಸುಡುತ್ತದೆ. ಪೇಸ್‌ಮೇಕರ್ ಇದ್ದವರು ಆ ಕೋಣೆಗೇ ಹೋಗಬಾರದು. ಅಲ್ಟ್ರಾಸೌಂಡ್ ಇಲ್ಲಿ ಗೆಲ್ಲುತ್ತದೆ: ಪ್ಲೇಟು, ಸ್ಕ್ರೂ ಇರುವ ಕಡೆ ಅದನ್ನು ಜಾಗ್ರತೆಯಿಂದ ಕೊಡಬಹುದು. ಸಿಮೆಂಟು ಹಾಕಿ ಕೂರಿಸಿದ ಕೃತಕ ಕೀಲಿನ ಮೇಲೆ ಮಾತ್ರ ಬೇಡ.

ಶಾಕ್‌ವೇವ್‌ನ ಎದುರು

ಕಿಡ್ನಿ ಕಲ್ಲು ಒಡೆಯಲು 1980ರಲ್ಲಿ ಮ್ಯೂನಿಕ್‌ನಲ್ಲಿ ಮೊದಲು ಬಳಸಿದ ವಿದ್ಯೆಯ ತಮ್ಮ ಇದು. ಒಂದೇ ಏಟಿನ ಒತ್ತಡದ ಅಲೆ. ಅಲ್ಟ್ರಾಸೌಂಡಿನಂತೆ ಕಾಯಿಸುವುದಿಲ್ಲ, ಬಡಿಯುತ್ತದೆ. ನೋಯುತ್ತದೆ ಕೂಡ. ವಾರಕ್ಕೊಂದರಂತೆ ಮೂರರಿಂದ ಐದು ಸಲ ಸಾಮಾನ್ಯ. ತಿಂಗಳುಗಟ್ಟಲೆ ಹಟ ಹಿಡಿದ ಹಿಮ್ಮಡಿ ನೋವಿಗೆ, ಭುಜದ ಟೆಂಡನ್ನಿನಲ್ಲಿ ಸುಣ್ಣ ಕಟ್ಟಿದ್ದಕ್ಕೆ ಇದರ ಪುರಾವೆ ಅಲ್ಟ್ರಾಸೌಂಡಿಗಿಂತ ಗಟ್ಟಿ. ಹೊಸ ನೋವಿಗೆ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಬಸುರಿಯರು ದೂರ ಇರಬೇಕು.

ನೋವಿನ ಪ್ರಕಾರ ನೋಡಿದರೆ

ಮಣಿಕಟ್ಟು, ಬೆರಳ ಜೋಮು. ಖಾನಾವಳಿಯಲ್ಲಿ ದಿನಾ ಜೋಳದ ರೊಟ್ಟಿ ಬಡಿಯುವ ಅಕ್ಕಂದಿರು ರಾತ್ರಿ ಕೈ ಝಾಡಿಸುತ್ತ ಎದ್ದು ಕೂರುತ್ತಾರೆ. ಹೆಬ್ಬೆರಳಿನಿಂದ ಮೂರು ಬೆರಳು ಜೋಮು ಹಿಡಿಯುವುದು ಕಾರ್ಪಲ್ ಟನಲ್‌ನ ಲಕ್ಷಣ, ಮಣಿಕಟ್ಟಿನಲ್ಲಿ ನರ ಒತ್ತಿಹೋಗಿರುತ್ತದೆ. ಅಲ್ಟ್ರಾಸೌಂಡಿನ ಪರವಾಗಿ ಮಾತಾಡಿದ ಆ ಎರಡು ಪ್ರಯೋಗಗಳಲ್ಲಿ ಒಂದು ಇದರ ಮೇಲೆ ನಡೆದದ್ದು. 1998ರಲ್ಲಿ ಪ್ರಕಟವಾದ ಆ ವಿಯೆನ್ನಾ ಪ್ರಯೋಗದಲ್ಲಿ 15 ನಿಮಿಷದ 20 ಸರದಿ ಕೊಟ್ಟಿದ್ದರು, ಆರು ತಿಂಗಳ ತನಕ ಆರಾಮ ನಿಂತಿತ್ತು. ಆಮೇಲಿನ ಅಧ್ಯಯನಗಳು ಅಷ್ಟು ಖಚಿತವಾಗಿಲ್ಲ. ನನ್ನ ಸಲಹೆ: ಮೊದಲು ರಾತ್ರಿ ಮಣಿಕಟ್ಟು ನೆಟ್ಟಗಿಡುವ ಪಟ್ಟಿ, ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ, ಆಮೇಲೆ ಬೇಕಿದ್ದರೆ ಅಲ್ಟ್ರಾಸೌಂಡ್, ಅದೂ ಪೂರ್ತಿ ಸರದಿ. ಐದು ದಿನ ಮಾಡಿಸಿ ಬಿಟ್ಟರೆ ಯಾವ ಪ್ರಯೋಜನವನ್ನೂ ನಿರೀಕ್ಷಿಸಬೇಡಿ. ಹೆಬ್ಬೆರಳ ಬುಡದ ಮಾಂಸ ಸೊರಗುತ್ತಿದ್ದರೆ ಯಂತ್ರದ ಹಿಂದೆ ಕಾಲ ಕಳೆಯದೆ ಸರ್ಜನ್ನರನ್ನು ಕಾಣಿ.

ಭುಜ. ಎಕ್ಸ್‌ರೇಯಲ್ಲಿ ಸುಣ್ಣದ ಗಂಟು ಕಂಡಿದ್ದರೆ ಅಲ್ಟ್ರಾಸೌಂಡಿಗೆ ಒಂದು ಅವಕಾಶ ಕೊಡಬಹುದು. ಎರಡನೆಯ ಪ್ರಯೋಗ ಇದೇ. 1999ರಲ್ಲಿ ಪ್ರಕಟವಾದ ವಿಯೆನ್ನಾದ ಆ ಅಧ್ಯಯನದಲ್ಲಿ 24 ಸರದಿಯ ನಂತರ, ಒಂಬತ್ತು ತಿಂಗಳಿಗೆ ನೋಡಿದಾಗ, ನಿಜವಾದ ಯಂತ್ರ ಹಚ್ಚಿದವರಲ್ಲಿ 42 ಪ್ರತಿಶತ ಭುಜಗಳಲ್ಲಿ ಸುಣ್ಣ ಕರಗಿತ್ತು, ಸುಳ್ಳು ಯಂತ್ರದವರಲ್ಲಿ 8 ಪ್ರತಿಶತ. ಆದರೆ ಆ ಹೊತ್ತಿಗೆ ಎರಡೂ ಗುಂಪಿನ ನೋವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಉಳಿದಿರಲಿಲ್ಲ. ಚಿತ್ರ ಸುಧಾರಿಸುವುದು ಬೇರೆ, ಮನುಷ್ಯ ಸುಧಾರಿಸುವುದು ಬೇರೆ. ಸುಣ್ಣವಿಲ್ಲದ, ಸುಮ್ಮನೆ ಹಿಡಿದುಕೊಂಡ ಹೆಗಲಿಗೆ, ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು ಕಾಣುವ ಆ ತೊಂದರೆಗೆ, ಪ್ರಧಾನ ಔಷಧ ವ್ಯಾಯಾಮವೇ. ಯಂತ್ರ ಹಚ್ಚುವುದಾದರೆ ಜಗ್ಗುವ ಮೊದಲು ನಾರು ಕಾಯಿಸಲಿಕ್ಕೆ ಮಾತ್ರ.

ಟೊಂಕ. ಬೆಟಗೇರಿಯ ಮಗ್ಗದ ಗುಂಡಿಯಲ್ಲಿ ಕೂರುವವರಿರಲಿ, ಗೋಕುಲ ರಸ್ತೆಯಲ್ಲಿ ಆಟೋ ಓಡಿಸುವವರಿರಲಿ, ಟೊಂಕಕ್ಕೆ ಅಲ್ಟ್ರಾಸೌಂಡ್ ಬೇಡ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2016ರಲ್ಲೇ ಟೊಂಕನೋವಿಗೆ ಅಲ್ಟ್ರಾಸೌಂಡ್, ಟೆನ್ಸ್, ಐಎಫ್‌ಟಿ ಯಾವುದನ್ನೂ ಕೊಡಬೇಡಿ ಎಂದಿತು. ನಾನು ಅಷ್ಟು ಕಟ್ಟುನಿಟ್ಟಲ್ಲ; ಎದ್ದು ನಿಲ್ಲಲಾಗದವರಿಗೆ ಎರಡು ದಿನ ಟೆನ್ಸ್ ಹಚ್ಚಿ ನಡೆದಾಡಿಸುವುದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಅಲ್ಟ್ರಾಸೌಂಡಿನ ವಿಷಯದಲ್ಲಿ ಅವರ ಮಾತಿಗೆ ನನ್ನ ಒಪ್ಪಿಗೆಯಿದೆ. ಕಾಲಿಗೆ ಶಕ್ತಿ ಇಳಿದರೆ, ಮೂತ್ರ ಕಟ್ಟಿದರೆ ಯಾವ ಶಾಖವೂ ಅಲ್ಲ, ಅದೇ ದಿನ ಹುಬ್ಬಳ್ಳಿಯ ಹಳೆಯ ಕಿಮ್ಸ್, ಈಗಿನ ಕೆಎಂಸಿಆರ್‌ಐನಂಥ ದೊಡ್ಡ ಆಸ್ಪತ್ರೆ.

ಮೊಳಕಾಲು. ಸವೆತದ ನೋವಿಗೆ ಅಲ್ಟ್ರಾಸೌಂಡಿನಿಂದ ತುಸು ಉಪಯೋಗವಿರಬಹುದು ಎಂದು ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2010ರ ವಿಮರ್ಶೆ ಹೇಳಿತು, ಪುರಾವೆ ದುರ್ಬಲ ಎಂಬ ಮಾತನ್ನೂ ಸೇರಿಸಿತು. ತೊಡೆಯ ಸ್ನಾಯು ಗಟ್ಟಿ ಮಾಡುವುದು, ತೂಕ ಇಳಿಸುವುದು ಮೊದಲು. ಕೆಳಗೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುವವರು ಮಣೆಯನ್ನೋ ಎತ್ತರದ ಮುಕ್ಕಾಲಿಯನ್ನೋ ಹಾಕಿಕೊಂಡರೆ ಯಂತ್ರಕ್ಕಿಂತ ಹೆಚ್ಚು ಲಾಭ.

ಉಳುಕಿದ ಹರಡು: ಅಲ್ಟ್ರಾಸೌಂಡಿನಿಂದ ಗುಣವಾಗುವುದೇನೂ ಬೇಗ ಆಗುವುದಿಲ್ಲ. ಹಿಮ್ಮಡಿ: ನಾರು ಎಳೆಯುವ ವ್ಯಾಯಾಮ, ಮೆತ್ತನೆಯ ಚಪ್ಪಲಿ, ಹಟ ಹಿಡಿದರೆ ಶಾಕ್‌ವೇವ್. ಮೊಳಕೈಯ ಹೊರಬದಿಯ ನೋವು: ನಿಧಾನವಾಗಿ ಭಾರ ಏರಿಸುವ ವ್ಯಾಯಾಮ.

ಮುರಿದ ಎಲುಬು ಕೂಡಿಸುವ ಅಲ್ಟ್ರಾಸೌಂಡ್ ಬೇರೆಯದೇ ಯಂತ್ರ. ಅದರ ತೀವ್ರತೆ ಚದರ ಸೆಂಟಿಮೀಟರಿಗೆ 30 ಮಿಲಿವ್ಯಾಟ್ ಮಾತ್ರ, ದಿನಾ 20 ನಿಮಿಷ. ಅಮೆರಿಕ 1994ರಲ್ಲಿ ಅನುಮತಿ ಕೊಟ್ಟಿತ್ತು. 2016ರಲ್ಲಿ ಕಾಲಿನ ನಳಿಗೆ ಎಲುಬು ಮುರಿದ 501 ಜನರ ಮೇಲೆ ನಡೆಸಿದ ಪ್ರಯೋಗ ಪ್ರಕಟವಾಯಿತು. ಅದರಿಂದ ಎಲುಬು ಬೇಗ ಕೂಡಲಿಲ್ಲ, ಜನ ಬೇಗ ಕೆಲಸಕ್ಕೂ ಮರಳಲಿಲ್ಲ.

ಅಲ್ಟ್ರಾಸೌಂಡ್ ಯಾರಿಗೆ ಬೇಡವೇ ಬೇಡ

ಗರ್ಭಿಣಿಯ ಹೊಟ್ಟೆ, ಟೊಂಕದ ಮೇಲೆ. ಕ್ಯಾನ್ಸರ್ ಇರುವ ಜಾಗದಲ್ಲಿ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ. ಕೀವು ತುಂಬಿದ, ಕ್ಷಯ ತಗುಲಿದ ಕೀಲಿಗೆ. ಕಣ್ಣು, ವೃಷಣದ ಮೇಲೆ. ಪೇಸ್‌ಮೇಕರ್ ಕೂರಿಸಿದ ಜಾಗದ ಸುತ್ತ. ಬೆಳೆಯುವ ಮಕ್ಕಳ ಎಲುಬಿನ ತುದಿಗಳ ಮೇಲೆ. ಇವುಗಳಷ್ಟೇ ಮುಖ್ಯವಾದ, ಆದರೆ ಯಾರೂ ಕೇಳದ ಪ್ರಶ್ನೆ: ಆ ಜಾಗದಲ್ಲಿ ಸ್ಪರ್ಶ ಗೊತ್ತಾಗುತ್ತದೆಯೇ? ಬಹಳ ವರ್ಷದ ಸಕ್ಕರೆ ಕಾಯಿಲೆಯಿಂದ ಪಾದ ಜಡವಾದ ಅಜ್ಜನಿಗೆ ಎಲುಬು ಸುಡುವ ನೋವೂ ಗೊತ್ತಾಗುವುದಿಲ್ಲ. ಬಿಸಿ-ತಣ್ಣನೆಯ ಪರೀಕ್ಷೆ ಮಾಡದೆ ಅಂಥ ಕಾಲಿಗೆ ಬಿಲ್ಲೆ ಮುಟ್ಟಿಸಬಾರದು. ಬಿಸಿನೀರಿನ ಚೀಲಕ್ಕೂ ಇದೇ ಮಾತು.

ಕ್ಲಿನಿಕ್ ಆರಿಸುವಾಗ

ಮಾತಾಡಿಸಿ. “ಯಾವ ಜಾಗಕ್ಕ, ಎಷ್ಟು ಆಳಕ್ಕ ಕೊಡಾಕತ್ತೀರಿ ಮೇಡಮ್?” ಎಂದರೆ ತಿಳಿದವರು ಬೇಜಾರಾಗದೆ ಉತ್ತರ ಕೊಡುತ್ತಾರೆ. ಮೊಳಕೈಗೂ ತೊಡೆಗೂ ಒಂದೇ ಸೆಟ್ಟಿಂಗು, ಎಲ್ಲರಿಗೂ ಐದು ನಿಮಿಷ, ಕೈಯಿಂದ ಮುಟ್ಟಿ ಪರೀಕ್ಷಿಸುವುದಿಲ್ಲ, ವ್ಯಾಯಾಮದ ಮಾತೇ ಇಲ್ಲ ಎಂದರೆ ಬೇರೆ ಕಡೆ ಹೋಗಿ. ಹತ್ತು ದಿನದ ಹಣವನ್ನು ಮುಂಗಡ ಕೊಡಬೇಡಿ. ನಾಲ್ಕೈದು ಸರದಿಯಾದರೂ ಕೈ ಎತ್ತುವ ಎತ್ತರ, ಮೊಳಕಾಲು ಮಡಿಯುವ ಕೋನ, ರಾತ್ರಿಯ ನಿದ್ದೆ, ಯಾವುದೂ ಬದಲಾಗದಿದ್ದರೆ ಅದೇ ಯಂತ್ರವನ್ನು ಇನ್ನಷ್ಟು ದಿನ ಮುಂದುವರಿಸಲು ಕಾರಣ ಕಾಣೆ. ಧಾರವಾಡದ ಸತ್ತೂರಿನ ಎಸ್‌ಡಿಎಂನಂಥ ಫಿಸಿಯೋಥೆರಪಿ ಕಾಲೇಜಿಗೆ ಹತ್ತಿರ ಇರುವವರು ಎರಡನೆಯ ಅಭಿಪ್ರಾಯಕ್ಕೆ ಅಲ್ಲಿ ವಿಚಾರಿಸಬಹುದು.

ಡೈಕ್ಲೋಫೆನಾಕ್‌ನಂಥ ನೋವಿನ ಮುಲಾಮನ್ನು ಜೆಲ್ಲಿನ ಬದಲು ಹಚ್ಚಿ ಶಬ್ದದಿಂದ ಒಳಗೆ ತಳ್ಳುತ್ತೇವೆ ಎನ್ನುವವರಿದ್ದಾರೆ. ಪಾರದರ್ಶಕ ಜೆಲ್ ಆದರೆ ಶಬ್ದ ದಾಟೀತು. ಬಿಳಿಯ ದಪ್ಪ ಕ್ರೀಮುಗಳಲ್ಲಿ ಬಹಳಷ್ಟು ಶಬ್ದವನ್ನೇ ತಡೆಯುತ್ತವೆ. ಆಗ ಮುಲಾಮೂ ಹೋಗಲಿಲ್ಲ, ಶಬ್ದವೂ ಹೋಗಲಿಲ್ಲ.

ಮನೆಗೇ ಒಂದು ಯಂತ್ರ ತರಿಸಿಕೊಳ್ಳುವ ಆಸೆ ಇತ್ತೀಚೆಗೆ ಹೆಚ್ಚಾಗಿದೆ. ಟೆನ್ಸ್ ಆದರೆ ಕಲಿತುಕೊಂಡು ಬಳಸಿ. ಅಲ್ಟ್ರಾಸೌಂಡ್ ಕೊಳ್ಳುವ ಮುನ್ನ ಮಾರುವವರನ್ನು ಮೂರು ಅಂಕಿ ಕೇಳಿ: ಆವರ್ತನ ಎಷ್ಟು, ಚದರ ಸೆಂಟಿಮೀಟರಿಗೆ ಎಷ್ಟು ವ್ಯಾಟ್, ಬಿಲ್ಲೆಯಲ್ಲಿ ನಿಜವಾಗಿ ಶಬ್ದ ಬಿಡುವ ವಿಸ್ತೀರ್ಣ ಎಷ್ಟು. ಬಿಲ್ಲೆಯ ಮೇಲೆ ನೀರಿನ ಹನಿ ಹಾಕಿ ಕುಣಿಸಿ ತೋರಿಸುತ್ತಾರೆ. ಅದರಿಂದ ಶಬ್ದ ಬರುತ್ತಿದೆ ಎಂದಷ್ಟೇ ಗೊತ್ತಾಗುತ್ತದೆ, ಎಷ್ಟು ಬರುತ್ತಿದೆ ಎಂದಲ್ಲ. ಅದನ್ನು ಅಳೆಯಲು ಬೇರೆ ಮೀಟರ್ ಇದೆ, ಕ್ಲಿನಿಕ್ಕಿನ ಯಂತ್ರಗಳನ್ನೂ ವರ್ಷಕ್ಕೊಮ್ಮೆಯಾದರೂ ಅದರಿಂದ ಪರೀಕ್ಷಿಸಬೇಕು. ಮೂರು ಅಂಕಿ ಹೇಳಲಾಗದವರಿಂದ ಕೊಳ್ಳಬೇಡಿ. ಹೇಳಿದರೂ, ಯಂತ್ರ ಹಚ್ಚಿದ ಮೇಲೆ ಹೆಗಲು ಜಗ್ಗಿಕೊಡಲು ಕಲಿತ ಕೈ ಮನೆಯಲ್ಲಿಲ್ಲದಿದ್ದರೆ ಆ ದುಡ್ಡನ್ನು ನಾಲ್ಕು ದಿನ ಒಳ್ಳೆಯ ಥೆರಪಿಸ್ಟರ ಬಳಿ ವ್ಯಾಯಾಮ ಕಲಿಯಲು ಕೊಡಿ.